ಕನ್ನಡಿಯ ಆಚೆ ಬದಿಯ ಕೈ

ನನ್ನ ಗಂಡ ಕನ್ನಡಿ ಮಾಡುವವರು ಎಂದರೆ ಎದುರಿನವರು, ಮಾಡುವುದೆಂದರೆ ಏನು ಎಂದು ಕೇಳುತ್ತಾರೆ. ಕನ್ನಡಿಯನ್ನು ಯಾರೋ ಮಾಡಬೇಕಾಗುತ್ತದೆ ಎಂಬುದು ಹೆಚ್ಚಿನವರಿಗೆ ಹೊಳೆದೇ ಇರುವುದಿಲ್ಲ. ಅದು ಅಂಗಡಿಯಲ್ಲಿ ಇರುತ್ತದೆ, ತಂದು ಗೋಡೆಗೆ ತೂಗುಹಾಕುತ್ತೇವೆ, ಮುಖ ನೋಡಿ ಬೇಸರ ಮಾಡಿಕೊಳ್ಳುತ್ತೇವೆ, ಅಷ್ಟೇ. ಮದುವೆಯಾಗಿ ಒಮಾನಿನ ಸಲಾಲಾಕ್ಕೆ ಬಂದ ಹೊಸದರಲ್ಲಿ ನಾನೂ ಹಾಗೆಯೇ ಇದ್ದೆ. ಅವರ ಬೆರಳ ತುದಿಗಳು ಕಪ್ಪಾಗಿರುವುದನ್ನು ಕಂಡು, ಈ ಮನುಷ್ಯ ಕೈ ತೊಳೆಯದೆ ಊಟಕ್ಕೆ ಕೂರುತ್ತಾರೆ ಎಂದು ಒಂದು ವಾರ ಒಳಗೊಳಗೇ ಕುದಿದೆ. ಎಂಟನೆಯ ದಿನ ತಡೆಯಲಾರದೆ ಹೇಳಿಯೇಬಿಟ್ಟೆ. ಅವರು ನಕ್ಕರು. "ಇದು ಕೊಳೆ ಅಲ್ಲ ಮಾರಾಯ್ತಿ, ಬೆಳ್ಳಿ. ಚರ್ಮಕ್ಕೆ ತಾಗಿದ್ರೆ ಕಪ್ಪು, ಗಾಜಿಗೆ ತಾಗಿದ್ರೆ ಕನ್ನಡಿ" ಎಂದರು.

ನಾವು ದಕ್ಷಿಣ ಕನ್ನಡದವರು, ಮನೆಯಲ್ಲಿ ಆಡುವುದು ತುಳು. ಇಲ್ಲಿ ಬರೆಯುವಾಗ ನಮ್ಮ ಮಾತುಗಳನ್ನು ಕನ್ನಡಕ್ಕೆ ತಂದುಕೊಂಡಿದ್ದೇನೆ. ನಾನು ಇಲ್ಲಿಯ ಶಾಲೆಯೊಂದರಲ್ಲಿ ಸಣ್ಣ ಮಕ್ಕಳಿಗೆ ಲೆಕ್ಕ ಕಲಿಸುತ್ತೇನೆ. ಉತ್ತರ ಸರಿಯಿಲ್ಲದಿದ್ದರೆ ಅರ್ಧ ಮಾರ್ಕನ್ನೂ ಕೊಡದವಳು ಎಂದು ನನಗೆ ಹೆಸರಿದೆ. ತಾಯಂದಿರು ಬಂದು ಗೋಗರೆದಿದ್ದಾರೆ, ಒಬ್ಬಾಕೆ ಅತ್ತದ್ದೂ ಉಂಟು. ನಾನು ಜಗ್ಗಲಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮುಂದೆ ನಾನು ಮಾಡಿದ ಒಂದು ಕೆಲಸ ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು.

ನನ್ನ ಗಂಡ ಕೆಲಸ ಮಾಡುವುದು ಸನಾಯ್ಯಾದಲ್ಲಿ, ಅಂದರೆ ಗ್ಯಾರೇಜು, ವೆಲ್ಡಿಂಗು, ಅಲ್ಯುಮಿನಿಯಂ ಅಂಗಡಿಗಳ ಬೀದಿಯಲ್ಲಿ, ಒಂದು ಗಾಜಿನ ಅಂಗಡಿಯಲ್ಲಿ. ಕನ್ನಡಿ ಅಲ್ಲಿಗೆ ದೊಡ್ಡ ಹಾಳೆಗಳಾಗಿ ಲಾರಿಯಲ್ಲಿ ಬರುತ್ತದೆ. ಅಳತೆಗೆ ಕತ್ತರಿಸುವುದು, ಅಂಚು ಉಜ್ಜುವುದು, ತೂತು ಕೊರೆಯುವುದು, ಗೋಡೆಗೆ ಕೂರಿಸುವುದು ಈಗಿನ ಕೆಲಸ. ಆದರೆ ಇಲ್ಲಿಯ ಹಳೆಯ ಮನೆಗಳಲ್ಲಿ ಅಜ್ಜಿಯಂದಿರ ಕಾಲದ, ಮರದ ಚೌಕಟ್ಟಿನ ಕನ್ನಡಿಗಳಿವೆ. ಸಲಾಲಾದ ಸಮುದ್ರದ ಗಾಳಿ, ಖರೀಫ್ ಎನ್ನುವ ಇಲ್ಲಿಯ ಮಳೆಗಾಲದ ತುಂತುರು ಅವಕ್ಕೆ ಆಗಿಬರುವುದಿಲ್ಲ. ಅಂಚಿನಿಂದ ಕಪ್ಪು ಹಿಡಿಯತೊಡಗಿ ನಡುವಿನವರೆಗೆ ಬರುತ್ತದೆ. ಅಂಥವನ್ನು ತಂದುಕೊಟ್ಟರೆ ಹಿಂಬದಿಯ ಬಣ್ಣ, ಬೆಳ್ಳಿ ಎಲ್ಲ ತೆಗೆದು, ಗಾಜಿಗೆ ಮತ್ತೆ ಬೆಳ್ಳಿ ಕೊಡುವವರು ಇಡೀ ಊರಿನಲ್ಲಿ ನನಗೆ ತಿಳಿದಂತೆ ಇವರೊಬ್ಬರೇ. ಇದನ್ನು ಕಲಿತದ್ದು ಮಂಗಳೂರಿನಲ್ಲಿ, ಅವರ ಅಪ್ಪನಿಂದ.

ಊಟಕ್ಕೆ ಕೂತರೆ ಕನ್ನಡಿಯ ಪುರಾಣ ಶುರು. ಮೊದಲು ಜನ ಕಂಚನ್ನು ಉಜ್ಜಿ ಉಜ್ಜಿ ಮುಖ ನೋಡುತ್ತಿದ್ದರು. ಆಮೇಲೆ ಗಾಜು ಬಂತು. ತವರದ ತೆಳು ಹಾಳೆ ಹಾಸಿ, ಪಾದರಸ ಸುರಿದು, ಮೇಲೆ ಗಾಜು ಜಾರಿಸಿ, ಕಲ್ಲು ಹೇರಿ, ವಾರಗಟ್ಟಲೆ ಬಿಡುತ್ತಿದ್ದರು. ಆ ಕೆಲಸ ಮಾಡಿದವರ ಹಲ್ಲು ಉದುರುತ್ತಿತ್ತಂತೆ, ಕೈ ನಡುಗುತ್ತಿತ್ತಂತೆ. ಪಾದರಸ ಹೋಗಿ ಬೆಳ್ಳಿ ಬಂದ ಮೇಲೆ ಕನ್ನಡಿ ಮಾಡುವವರು ಮುದುಕರಾಗುವಷ್ಟು ಬದುಕತೊಡಗಿದರು ಎಂದು ಅವರ ಅಪ್ಪ ಹೇಳುತ್ತಿದ್ದರಂತೆ. ನಾನು ಅರ್ಧ ಕೇಳಿ, ಅರ್ಧ ಬಿಟ್ಟು, ಸಾರು ಬಡಿಸುತ್ತಿದ್ದೆ.

ಒಮ್ಮೆ ಕಫೀಲ್, ಅಂದರೆ ಅಂಗಡಿಯ ಒಮಾನಿ ಯಜಮಾನ, ಇವರನ್ನು ಗಡಿಯ ಊರು ಬುರೈಮಿ ದಾಟಿ ಆಚೆ ದೇಶದ ಒಂದು ಕನ್ನಡಿ ಕಾರ್ಖಾನೆಗೆ ಕರೆದುಕೊಂಡು ಹೋಗಿದ್ದರು. ತಿರುಗಿ ಬಂದವರು ಎರಡು ದಿನ ಮಂಕಾಗಿದ್ದರು. ಏನಾಯಿತೆಂದು ಕೇಳಿದರೆ, "ಗಾಜು ಉರುಳೆಗಳ ಮೇಲೆ ತಾನೇ ಹೋಗ್ತದೆ. ಬ್ರಷ್ಷು ತಾನೇ ತೊಳೀತದೆ. ಬೆಳ್ಳಿ ತಾನೇ ಚಿಮ್ತದೆ, ಬಣ್ಣ ಬೀಳ್ತದೆ, ಒಲೆಯೊಳಗೆ ಹೋಗಿ ಒಣಗಿ ಬರ್ತದೆ. ಈ ತುದಿಯಲ್ಲಿ ಗಾಜು, ಆ ತುದಿಯಲ್ಲಿ ಕನ್ನಡಿ. ನಡುವೆ ಒಂದು ಕೈ ಇಲ್ಲ ಮಾರಾಯ್ತಿ" ಎಂದರು. ಕನ್ನಡಿ ಚೆನ್ನಾಗಿತ್ತೋ ಎಂದೆ. "ನನ್ನದಕ್ಕಿಂತ ಚೆನ್ನಾಗಿತ್ತು, ಅದೇ ಬೇಜಾರು" ಎಂದರು.

ಇಂಥ ಮನುಷ್ಯನ ಬಲಗೈ ಕಳೆದ ವರ್ಷ ಒಂದು ಬೆಳಿಗ್ಗೆ ಬಿದ್ದುಹೋಯಿತು. ಚಾ ಲೋಟಕ್ಕೆ ಕೈ ಚಾಚಿದರು, ಕೈ ಹೋಗಲಿಲ್ಲ. ಬಾಯಿ ಒಂದು ಬದಿಗೆ ಎಳೆಯಿತು. ಆಸ್ಪತ್ರೆಯಲ್ಲಿ ಸ್ಟ್ರೋಕ್ ಎಂದರು. ಮಾತು ಮೂರು ವಾರದಲ್ಲಿ ಸರಿಯಾಯಿತು, ಕಾಲು ಎರಡು ತಿಂಗಳಲ್ಲಿ ನಡೆಯುವಷ್ಟಾಯಿತು. ಕೈ ಮಾತ್ರ ಬೇರೆ ಯಾರದೋ ಕೈಯಂತೆ ತೊಡೆಯ ಮೇಲೆ ಬಿದ್ದುಕೊಂಡಿತ್ತು.

ಕಫೀಲ್ ಒಳ್ಳೆಯವರು. ಮನೆಗೆ ಬಂದು, ಖರೀಫ್ ಮುಗಿಯುವವರೆಗೆ ಏನೂ ಯೋಚಿಸಬೇಡಿ, ಆಮೇಲೆ ನೋಡೋಣ ಎಂದರು. ಆಮೇಲೆ ನೋಡುವುದೆಂದರೆ ಏನೆಂದು ನಮಗಿಬ್ಬರಿಗೂ ಗೊತ್ತಿತ್ತು. ಗಾಜು ಕತ್ತರಿಸಲಾಗದವನಿಗೆ ಗಾಜಿನ ಅಂಗಡಿಯಲ್ಲಿ ವೀಸಾ ಎಷ್ಟು ದಿನ? ಊರಿಗೆ ಹೋಗಲು ನನಗೆ ಭಯವಿಲ್ಲ. ಅವರಿಗೂ ಇಲ್ಲವೆಂದುಕೊಂಡಿದ್ದೆ. ಒಂದು ದಿನ, "ಕೈ ಇಲ್ಲದೆ ನಾನು ಎಲ್ಲಿಗೂ ಹೋಗುದಿಲ್ಲ. ಹೋದ್ರೆ ಅಲ್ಲಿ ಕೂತುಕೊಂಡು ಎಂತ ಮಾಡುದು?" ಎಂದು ಗೋಡೆಯ ಕಡೆ ತಿರುಗಿ ಹೇಳಿದರು. ನಮಗೆ ಮಕ್ಕಳಿಲ್ಲ. ಅವರಿಗಿದ್ದದ್ದು ನಾನು, ಮತ್ತೆ ಆ ಕೆಲಸ. ಕೆಲಸ ಹೋದರೆ ನಾನೊಬ್ಬಳೇ ಸಾಕಾಗುತ್ತೇನೆಂದು ನನಗೆ ಅನಿಸಲಿಲ್ಲ. ಅದು ನನಗೆ ನೋವು ತಂದಿತು.

ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವ ಮಲಯಾಳಿ ಹುಡುಗಿ ಒಂದು ದಿನ ಹೊಸ ಉಪಾಯ ಹೇಳಿದಳು. ಮೇಜಿನ ನಡುವೆ ಒಂದು ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಬೇಕು. ಅದರ ಮುಖ ಎಡಗಡೆಗೆ. ಬಿದ್ದ ಬಲಗೈ ಕನ್ನಡಿಯ ಹಿಂದೆ, ಕಣ್ಣಿಗೆ ಕಾಣದಂತೆ. ಎಡಗೈ ಮುಂದೆ. ಕನ್ನಡಿಯೊಳಗೆ ನೋಡುತ್ತಾ ಎಡಗೈಯ ಬೆರಳು ಮಡಚಿ ಬಿಡಿಸಬೇಕು. ಅಲ್ಲಿ ಕಾಣುವ ಪ್ರತಿಬಿಂಬ ಬಲಗೈಯಂತಿರುತ್ತದೆ. ನೋಡಿ ನೋಡಿ ಮಿದುಳು ನಂಬಿದರೆ, ನಿಜವಾದ ಬಲಗೈಗೂ ದಾರಿ ನೆನಪಾಗಬಹುದು. ಎಲ್ಲರಿಗೂ ಆಗುವುದಿಲ್ಲ, ಕೆಲವರಿಗೆ ಆಗುತ್ತದೆ. ದಿನಕ್ಕೆ ಅರ್ಧ ಗಂಟೆ.

ಅವಳು ಕೊಟ್ಟದ್ದು ಪ್ಲಾಸ್ಟಿಕ್ಕಿನ ಕನ್ನಡಿ. ಮನೆಗೆ ತಂದು ಮೇಜಿನ ಮೇಲಿಟ್ಟೆವು. ಒಂದು ಕ್ಷಣ ನೋಡಿ ಅದನ್ನು ಮಗುಚಿ ಹಾಕಿದರು. ಪ್ಲಾಸ್ಟಿಕ್ ಬಾಗುತ್ತದೆ, ಕೈ ಹಾವಿನ ಹಾಗೆ ಕಾಣುತ್ತದೆ ಎಂದರು. ಅಂಗಡಿಯಿಂದ ಒಂದು ತುಂಡು ತರಿಸಿದೆ. ಅದೂ ಆಗಲಿಲ್ಲ. ಗಾಜು ದಪ್ಪ, ಓರೆಯಿಂದ ನೋಡಿದರೆ ಒಂದು ಕೈಯ ಹಿಂದೆ ಇನ್ನೊಂದು ಮಸುಕಾದ ಕೈ ಕಾಣುತ್ತದೆ, ಬಣ್ಣವೂ ಸ್ವಲ್ಪ ಹಸಿರು ಎಂದರು. ನನಗೆ ತಲೆ ಕೆಟ್ಟಿತು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಮಗೆ ಮಾಡ್ಲಿಕ್ಕೆ ಮನಸ್ಸಿಲ್ಲ, ಹಾಗೆ ಹೇಳಿ" ಎಂದೆ.

ಅವರು ಸಿಟ್ಟಾಗಲಿಲ್ಲ. "ಮಾಡ್ತೇನೆ. ಆದರೆ ಮೋಸ ಹೋಗ್ಬೇಕಾದ್ರೆ ಒಳ್ಳೆ ಕನ್ನಡಿಯಲ್ಲಿ ಹೋಗ್ಬೇಕು. ಫೋಟೋಕ್ಕೆ ಹಾಕುವ ತೆಳು ಗಾಜು ತರಿಸು. ಅದಕ್ಕೆ ನಾವೇ ಬೆಳ್ಳಿ ಕೊಡುವ."

"ನಾವು ಅಂದ್ರೆ ಯಾರು?"

"ನೀನು. ನಾನು ಹೇಳ್ತೇನೆ, ನೀನು ಮಾಡು."

ಅಂಗಡಿಯ ವ್ಯಾನ್ ಓಡಿಸುವವರು ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಮರು, ನಮಗೆ ಇಪ್ಪತ್ತು ವರ್ಷದ ಪರಿಚಯ. ನನ್ನನ್ನು ಅಕ್ಕ ಎನ್ನುತ್ತಾರೆ, ಇವರನ್ನು ಅಣ್ಣ. ಅವರೇ ಗಾಜು, ಸೀಸೆಗಳ ಪೆಟ್ಟಿಗೆ, ಗಾಜು ಉಜ್ಜುವ ಪುಡಿ, ಕೈಗವಸು ಎಲ್ಲ ತಂದುಕೊಟ್ಟು, "ಅಕ್ಕ, ಇಷ್ಟು ವರ್ಷ ಅಣ್ಣನ ಹತ್ರ ಕಲೀಲಿಕ್ಕೆ ನಾನು ಹಿಂದೆ ಬಿದ್ದಿದ್ದೆ, ಕಲಿಸ್ಲಿಲ್ಲ. ನಿಮಗೆ ಪುಕ್ಕಟೆ ಸಿಕ್ತು ನೋಡಿ" ಎಂದು ನಗಿಸಿ ಹೋದರು.

ಊಟದ ಮೇಜಿನ ಕಾಲುಗಳಡಿ ರಟ್ಟಿನ ಚೂರು ಇಟ್ಟು ಮಟ್ಟ ಮಾಡಿದೆ. ಕಿಟಕಿಗಳನ್ನೆಲ್ಲ ತೆರೆಸಿದರು. ಹೊರಗೆ ಖರೀಫಿನ ಹನಿ ಶುರುವಾಗಿತ್ತು. ಗಾಜನ್ನು ಪುಡಿ ಹಾಕಿ ಉಜ್ಜಿದೆ. ನಾನು ಪಾತ್ರೆ ಉಜ್ಜುವಂತೆ ಉಜ್ಜಿದೆ, ಅವರು ಮೂರು ಸಲ ಮತ್ತೆ ಉಜ್ಜಿಸಿದರು. ನೀರು ಹನಿಹನಿಯಾಗಿ ನಿಂತರೆ ಗಾಜಿನಲ್ಲಿ ಕೊಳೆ ಇದೆ ಎಂದರ್ಥ, ಹಾಳೆಯಾಗಿ ಹರಡಿ ನಿಂತರೆ ಶುದ್ಧ. ಮೊದಲ ನೀರು ತವರದ ಉಪ್ಪಿನದು, ಅದು ಬೆಳ್ಳಿಯನ್ನು ಕರೆಯುತ್ತದೆಯಂತೆ. ಅದನ್ನು ತೊಳೆದು ತೆಗೆಯಬೇಕು. ಆಮೇಲೆ ಬೆಳ್ಳಿಯ ನೀರು. ಅದಕ್ಕೆ ಅಮೋನಿಯ ಹನಿ ಹನಿಯಾಗಿ ಬಿಟ್ಟರೆ ಮೊದಲು ಕೆಸರು ಬಣ್ಣ, ಮತ್ತೆ ತಿಳಿ. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುತ್ತಿತ್ತು. ಕೊನೆಗೆ ಸಕ್ಕರೆಯ ನೀರು ಬೆರೆಸಿ ಥಟ್ಟನೆ ಗಾಜಿನ ಮೇಲೆ ಸುರಿಯಬೇಕು. ಸಕ್ಕರೆ ಎಂದಾಗ ನಾನು ನಂಬಲಿಲ್ಲ. ಅವರು ಎಡಗೈಯಲ್ಲಿ ಸಕ್ಕರೆಯ ಸೀಸೆಯನ್ನು ನನ್ನ ಮುಂದೆ ತಳ್ಳಿದರು.

ಸುರಿದ ನೀರು ಗಾಜಿನ ಅಂಚಿನವರೆಗೆ ಹೋಗಿ, ಕೆಳಗೆ ಬೀಳದೆ ಹೊಟ್ಟೆ ಉಬ್ಬಿಸಿ ನಿಂತಿತು. ಚಾದ ಬಣ್ಣವಾಯಿತು, ಕಪ್ಪಾಯಿತು, ಬೂದಿ ಬಣ್ಣವಾಯಿತು. ನಾವಿಬ್ಬರೂ ಅದನ್ನೇ ನೋಡುತ್ತ ನಿಂತೆವು. ಕೈ ಬಿದ್ದ ದಿನದಿಂದ ನಾವು ಒಂದೇ ವಸ್ತುವನ್ನು ಅಷ್ಟು ಹೊತ್ತು ಜೊತೆಯಲ್ಲಿ ನೋಡಿದ್ದು ಅದೇ ಮೊದಲು. ಮೇಲಿನಿಂದ ನೋಡಿದರೆ ಕಾಣುವುದು ಕನ್ನಡಿಯ ಬೆನ್ನು ಮಾತ್ರ. ಮುಖ ಹೇಗಿದೆ ಎಂದು ತಿಳಿಯಲು ತೊಳೆದು, ಎತ್ತಿ, ತಿರುಗಿಸಬೇಕು.

ತಿರುಗಿಸಿದೆ. ಚಿಕನ್‌ಪಾಕ್ಸ್ ಆದವರ ಮುಖದಂತೆ ತುಂಬ ಚುಕ್ಕೆ.

ಅವರು ಒಂದು ಕ್ಷಣ ನೋಡಿ, "ಯಾವ ನೀರಲ್ಲಿ ತೊಳ್ದದ್ದು?" ಎಂದರು.

ಗಲ್ಫಿನ ಹೆಂಗಸರಿಗೆ ಗೊತ್ತಿರುತ್ತದೆ, ಏಸಿಯಿಂದ ತೊಟ್ಟಿಕ್ಕುವ ನೀರನ್ನು ನಾವು ಚೆಲ್ಲುವುದಿಲ್ಲ. ಬಾಲ್ಕನಿಯಲ್ಲಿ ಬಕೆಟ್ ಇಟ್ಟು ಹಿಡಿಯುತ್ತೇವೆ. ಇಸ್ತ್ರಿ ಪೆಟ್ಟಿಗೆಗೆ ಹಾಕುತ್ತೇವೆ, ಬಸಳೆಗೆ ಹಾಕುತ್ತೇವೆ. ಕಾರಿನ ಬ್ಯಾಟರಿಗೆ ಹಾಕುವವರೂ ಇದ್ದಾರೆ. ಅಂಗಡಿಯಿಂದ ಬಂದ ಶುದ್ಧ ನೀರಿನ ಕ್ಯಾನು ಸಣ್ಣದಿತ್ತು. ಉಜ್ಜಿ ಉಜ್ಜಿ ತೊಳೆದು ಮುಗಿಯುತ್ತಾ ಬಂದಿತ್ತು. ಇದೂ ಶುದ್ಧವೇ ಅಲ್ಲವೇ ಎಂದು ಬೆಳ್ಳಿ ಸುರಿಯುವ ಮುಂಚಿನ ಕೊನೆಯ ತೊಳೆತಕ್ಕೆ ಬಕೆಟ್ಟಿನಿಂದ ಎರಡು ಚೊಂಬು ಸುರಿದಿದ್ದೆ.

"ಏಸಿ ನೀರು" ಎಂದೆ.

ಅವರು ನಕ್ಕರು. ಕಾಯಿಲೆ ಬಿದ್ದ ಮೇಲೆ ಮೊದಲ ಸಲ ಹೊಟ್ಟೆ ಕುಲುಕಿ ನಕ್ಕರು. "ಏಸಿಯೊಳಗಿನ ಧೂಳು, ತುಕ್ಕು ಎಲ್ಲ ಬರ್ತದೆ ಅದ್ರಲ್ಲಿ. ನನ್ನಪ್ಪ ಇದ್ದಿದ್ರೆ ಕಿವಿ ಹಿಂಡ್ತಿದ್ರು. ನೀನು ನಿಜ ಹೇಳಿದ್ದು ಒಳ್ಳೇದಾಯ್ತು. ಇಲ್ಲದಿದ್ರೆ ತಪ್ಪು ಎಲ್ಲಿ ಅಂತ ನಾಲ್ಕು ದಿನ ಹುಡುಕ್ಬೇಕಿತ್ತು." ಉಳಿದ ಬೆಳ್ಳಿ ನೀರನ್ನು ಕೂಡಲೇ ಉಪ್ಪು ನೀರು ಹಾಕಿ ಚೆಲ್ಲಿಸಿದರು. ಇಟ್ಟು ಒಣಗಿಸಿದರೆ ಅದು ಸಿಡಿಯುತ್ತದೆಯಂತೆ.

ಎರಡನೆಯದು ಸರಿಯಾಯಿತು. ಬೆನ್ನಿಗೆ ಬಣ್ಣ ಬಳಿದು, ಎರಡು ದಿನ ಒಣಗಿಸಿ, ಮರದ ಕಾಲಿಗೆ ಸಿಕ್ಕಿಸಿ ನಿಲ್ಲಿಸಿದಾಗ ನಾನು ಅದರಲ್ಲಿ ನನ್ನ ಮುಖ ನೋಡಿಕೊಂಡೆ. ಅಷ್ಟು ಸ್ಪಷ್ಟವಾಗಿ ನನ್ನ ಮುಖವನ್ನು ಎಂದೂ ನೋಡಿರಲಿಲ್ಲ. ಕಣ್ಣ ಕೆಳಗಿನ ಕಪ್ಪು, ಗಲ್ಲದ ಮೇಲಿನ ಒಂದು ಬಿಳಿ ಕೂದಲು, ಎಲ್ಲ ಇತ್ತು. ನನ್ನ ಕೈಯಲ್ಲಾದ ಕನ್ನಡಿ ನನಗೇ ದಾಕ್ಷಿಣ್ಯ ತೋರಿಸಲಿಲ್ಲ.

ಮರುದಿನ ವ್ಯಾಯಾಮ ಶುರು. ಅವರು ಮೇಜಿನ ಮುಂದೆ, ಕನ್ನಡಿ ನಡುವೆ, ನಾನು ಅವರ ಬಲಕ್ಕೆ, ಕನ್ನಡಿಯ ಬೆನ್ನಿನ ಕಡೆ. ಕನ್ನಡಿಯ ಮೇಲಂಚಿನಿಂದ ಅವರಿಗೆ ನನ್ನ ಮುಖ ಕಾಣುತ್ತಿತ್ತು, ಬಲಗೈ ಕಾಣುತ್ತಿರಲಿಲ್ಲ. ಮೊದಲ ದಿನವೇ ತಕರಾರು ತೆಗೆದರು.

"ಇದು ನನ್ನ ಬಲಗೈ ಅಲ್ಲ."

"ಮತ್ತೆ ಯಾರದ್ದು, ನೆರೆಮನೆಯವರದ್ದಾ?"

"ನನ್ನ ಬಲಗೈಯ ಹೆಬ್ಬೆರಳ ಬುಡದಲ್ಲಿ ಗಾಜು ಕೊಯ್ದ ಗುರುತುಂಟು. ಇದ್ರಲ್ಲಿ ಇಲ್ಲ."

ನಾನು ಎದ್ದು ಹೋಗಿ ಹುಬ್ಬು ತಿದ್ದುವ ಪೆನ್ಸಿಲ್ ತಂದು, ಬಲಗೈಯ ಗುರುತನ್ನು ನೋಡಿ ನೋಡಿ, ಅಂಥದೇ ಗೆರೆಯನ್ನು ಎಡಗೈಯ ಅದೇ ಜಾಗದಲ್ಲಿ ಬರೆದೆ. ಅವರು ಕನ್ನಡಿಯೊಳಗೆ ನೋಡಿ ತಲೆಯಾಡಿಸಿದರು. ಆಮೇಲೆ ಪ್ರತಿದಿನ ಶಾಲೆಯಿಂದ ಬಂದು, ಮುಖ ತೊಳೆದು, ನನ್ನ ಗಂಡನ ಕೈಯ ಮೇಲೆ ಒಂದು ಗಾಯ ಬರೆಯುವುದು ನನ್ನ ಕೆಲಸವಾಯಿತು.

ಅವರು ಕನ್ನಡಿಯಲ್ಲಿ ಕಣ್ಣಿಟ್ಟು ಬೆರಳು ಮಡಚುತ್ತಿದ್ದರು, ಬಿಡಿಸುತ್ತಿದ್ದರು, ಹೆಬ್ಬೆರಳಿನಿಂದ ಒಂದೊಂದು ಬೆರಳನ್ನೂ ಮುಟ್ಟುತ್ತಿದ್ದರು. ಅವರಿಗೆ ಕಾಣುತ್ತಿದ್ದದ್ದು ಎರಡೂ ಕೈ ಚೆನ್ನಾಗಿರುವ ಮನುಷ್ಯ. ನನ್ನ ಮುಂದೆ ಇದ್ದದ್ದು ಮೇಜಿನ ಮೇಲೆ ಅಂಗಾತ ಬಿದ್ದ ಕೈ. ಅದನ್ನು ನೋಡುವವಳು ನಾನೊಬ್ಬಳೇ. ಪ್ರತಿದಿನ ಕೊನೆಯಲ್ಲಿ ಅವರು ಕನ್ನಡಿಯ ಮೇಲಿನಿಂದ ನನ್ನ ಮುಖ ನೋಡಿ ಕೇಳುತ್ತಿದ್ದರು, "ಅಲ್ಲಾಡಿತಾ?"

"ಇಲ್ಲ."

ಮೂರು ವಾರ ಇಲ್ಲ ಎಂದೆ. ಮೊದಲೆಲ್ಲ "ನಾಳೆ ನೋಡುವ" ಎನ್ನುತ್ತಿದ್ದರು. ಬರಬರುತ್ತ ಅದನ್ನೂ ಬಿಟ್ಟರು. ಊಟ ಕಡಿಮೆಯಾಯಿತು. ಒಂದು ದಿನ ನಾನು ಬಂದಾಗ ಮೇಜಿನ ಮುಂದೆ ಇರಲಿಲ್ಲ, ಮಲಗಿದ್ದರು. "ಕನ್ನಡಿಯೊಳಗಿನ ಗಂಟು ಮಾರಾಯ್ತಿ, ಎಷ್ಟು ಕೈ ಚಾಚಿದ್ರೂ ಸಿಗುದಿಲ್ಲ" ಎಂದರು. ಬಲವಂತದಿಂದ ಎಬ್ಬಿಸಿ ಕೂರಿಸಿದೆ. ಗಾಯ ಬರೆದೆ. ಅರ್ಧ ಗಂಟೆ ಮುಗಿಯಿತು. ಅವರು ಕೇಳಿದರು. ಅವರ ಕಣ್ಣು ನೋಡಿ, ಇಪ್ಪತ್ತು ವರ್ಷ ಯಾರಿಗೂ ಅರ್ಧ ಮಾರ್ಕು ಹೆಚ್ಚು ಕೊಡದ ನಾನು, "ಹೌದು. ಸಣ್ಣಕೆ. ತೋರುಬೆರಳು" ಎಂದೆ.

ಆ ರಾತ್ರಿ ಅವರು ಮೂರು ಚಪಾತಿ ತಿಂದರು. ನನಗೆ ಒಂದೂ ಇಳಿಯಲಿಲ್ಲ.

ಒಂದು ಸುಳ್ಳು ಹೇಳಿದವಳಿಗೆ ಎರಡನೆಯದು ಕಷ್ಟವಲ್ಲ. ಮರುದಿನವೂ ಹೌದು ಎಂದೆ. ನಾಲ್ಕನೆಯ ದಿನ ಹೆಬ್ಬೆರಳನ್ನೂ ಸೇರಿಸಿದೆ. ಮುಂದೊಂದು ದಿನ ನಿಜವಾಗಿಯೇ ಅಲ್ಲಾಡುತ್ತದೆ, ಆಗ ಈ ಸುಳ್ಳು ತಾನಾಗಿ ಅಳಿಸಿಹೋಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಲೆಕ್ಕದ ಟೀಚರಿನ ಲೆಕ್ಕ! ಇವರು ಫೋನಿನಲ್ಲಿ ವ್ಯಾನಿನ ಬ್ಯಾರಿಯವರಿಗೆ ಹೇಳಿದರು. ಅವರು ಕಫೀಲ್‌ಗೆ ಹೇಳಿದರು. ಕಫೀಲ್ ಒಂದು ದೊಡ್ಡ ಡಬ್ಬಿ ಹಲ್ವಾ ಹಿಡಿದುಕೊಂಡು ಬಂದು, ಇವರ ಭುಜ ತಟ್ಟಿ, ನಿನ್ನ ಮೇಜು ಹಾಗೇ ಇದೆ, ಯಾರನ್ನೂ ಕೂರಿಸಿಲ್ಲ, ಯಲ್ಲಾ, ಬೇಗ ಬಾ ಎಂದರು. ಇವರ ಮುಖ ಮದುಮಗನದ್ದಾಗಿತ್ತು. ನಾನು ಅಡುಗೆಮನೆಯಲ್ಲಿ ಅವರಿಗೆ ಖಾವಾ, ಅಂದರೆ ಅರಬ್ಬರ ಕಾಫಿ, ಬಿಸಿಮಾಡುತ್ತಾ ಗೋಡೆಗೆ ಹಣೆ ಒತ್ತಿ ನಿಂತಿದ್ದೆ.

ಆಸ್ಪತ್ರೆಯ ದಿನ ಬಂತು. ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟರು. ಆ ಹುಡುಗಿ ಬಲಗೈಯನ್ನು ಹಿಡಿದು, ಒಂದೊಂದು ಬೆರಳಿನ ಮೇಲೂ ತನ್ನ ಬೆರಳಿಟ್ಟು, ಒತ್ತಿ ಅಂಕಲ್, ಒತ್ತಿ ಎಂದಳು. ಎರಡೆರಡು ಸಲ ನೋಡಿದಳು. ಆಮೇಲೆ ಮೃದುವಾಗಿ, ಇನ್ನೂ ಏನೂ ಬಂದಿಲ್ಲ, ಬಿಡಬೇಡಿ, ಮುಂದುವರಿಸಿ ಎಂದಳು.

"ಮನೆಯಲ್ಲಿ ಅಲ್ಲಾಡ್ತದೆ" ಎಂದರು ಇವರು. ಹುಡುಗಿ ನನ್ನ ಕಡೆ ನೋಡಿದಳು. ಇವರೂ ನೋಡಿದರು. ನಾನು ನನ್ನ ಚೀಲದ ಜಿಪ್ಪನ್ನು ನೋಡಿದೆ.

ಕಾರಿನಲ್ಲಿ ಮನೆಗೆ ಹೊರಟೆವು. ದಾರಿಯ ಬದಿಯಲ್ಲಿ ಎಳನೀರು, ಬಾಳೆಹಣ್ಣಿನ ಅಂಗಡಿಗಳು. ಖರೀಫ್ ನೋಡಲು ಬಂದ ಜನ ಮಳೆಯಲ್ಲಿ ಬೇಕೆಂದೇ ನೆನೆಯುತ್ತಿದ್ದರು. ಮನೆಗೆ ಬಂದು ಚಪ್ಪಲಿ ಬಿಡುವಾಗ ಕೇಳಿದರು.

"ಒಂದು ಸಲವೂ ಅಲ್ಲಾಡ್ಲಿಲ್ವಾ?"

"ಇಲ್ಲ."

"ಏಸಿ ನೀರು ಅಂತ ಹೇಳ್ಲಿಕ್ಕೆ ನಿನಗೆ ಹೆದರಿಕೆ ಆಗ್ಲಿಲ್ಲ. ಇದಕ್ಕೆ ಯಾಕೆ ಆಯ್ತು?"

"ನಿಮ್ಮ ಮುಖ ನೋಡ್ಲಿಕ್ಕೆ ಆಗ್ತಾ ಇರ್ಲಿಲ್ಲ ನನಗೆ" ಎಂದು ಅತ್ತೆ.

ಅವರು ಕೂತರು. ಸಿಟ್ಟಿನಲ್ಲಿ ಹೇಳಿದ್ದರೆ ನಾನೂ ಎದುರು ಹೇಳುತ್ತಿದ್ದೆನೇನೋ. ಮೆಲ್ಲಗೆ ಹೇಳಿದರು. "ಕನ್ನಡಿ ಸುಳ್ಳು ಹೇಳ್ತದೆ ಅಂತ ನನಗೆ ಗೊತ್ತುಂಟು. ಗೊತ್ತಿದ್ದೇ ಅದರ ಮುಂದೆ ಕೂತದ್ದು. ಆಚೆ ಬದಿಯಲ್ಲಿ ನಿಜ ಹೇಳುವವರು ಒಬ್ಬರು ಬೇಕಿತ್ತು ಅಂತ ನಿನ್ನನ್ನು ಕೂರಿಸಿದ್ದು. ಈಗ ಎರಡು ಬದಿಯೂ ಒಂದೇ ಆಯ್ತಲ್ಲ."

ಅವರು ಕಫೀಲ್‌ಗೆ ತಾವೇ ಫೋನ್ ಮಾಡಿ, ಕೈ ಇನ್ನೂ ಬಂದಿಲ್ಲ, ನನಗೆ ತಪ್ಪಾಗಿ ಕಂಡಿತ್ತು ಎಂದು ಹೇಳಿದರು. ನನ್ನ ಹೆಸರು ಹೇಳಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ವ್ಯಾಯಾಮ ನಿಲ್ಲಿಸುತ್ತಾರೆ ಎಂದುಕೊಂಡೆ. ನಿಲ್ಲಿಸಲಿಲ್ಲ. ಗಾಯ ಬರೆಯಲು ಕೈ ಚಾಚುತ್ತಿದ್ದರು, ನಾನು ಬರೆಯುತ್ತಿದ್ದೆ. ನನ್ನ ಜಾಗದಲ್ಲಿ ಕೂರುತ್ತಿದ್ದೆ. ಅರ್ಧ ಗಂಟೆ ಮುಗಿದ ಮೇಲೆ ಕನ್ನಡಿಯನ್ನು ತಾವೇ ಎಡಗೈಯಿಂದ ಬದಿಗೆ ಸರಿಸಿ ಏಳುತ್ತಿದ್ದರು. ಅಲ್ಲಾಡಿತಾ ಎಂದು ಕೇಳುವುದನ್ನು ಬಿಟ್ಟುಬಿಟ್ಟರು. ನಾನಾಗಿಯೇ ಇಲ್ಲ ಎಂದರೆ ಕೇಳಿಸದವರಂತಿದ್ದರು. ನನ್ನ ಹೌದು ಕೆಟ್ಟಿತ್ತು ಸರಿ, ಅದರ ಜೊತೆ ನನ್ನ ಇಲ್ಲವೂ ಕೆಟ್ಟುಹೋಗಿತ್ತು. ಹಾಗೆ ಐದು ವಾರ ಹೋಯಿತು. ಮಳೆ ನಿಂತು ಗುಡ್ಡಗಳ ಹಸಿರು ಕಂದತೊಡಗಿತು. ಖರೀಫ್ ಖಲಾಸ್ ಎಂದು ಶಾಲೆಯಲ್ಲಿ ಮಕ್ಕಳು ಹೇಳುತ್ತಿದ್ದರು. ನಾನು ಕಪಾಟಿನ ಮೇಲಿನ ಸೂಟ್‌ಕೇಸುಗಳ ಧೂಳು ಒರೆಸಿಟ್ಟೆ.

ಒಂದು ಶುಕ್ರವಾರ ಬೆಳಿಗ್ಗೆ, ಅವರು ಎಡಗೈಯ ತೋರುಬೆರಳನ್ನು ಮಡಚಿ ಬಿಡಿಸುತ್ತಿದ್ದರು. ನನ್ನ ಮುಂದಿದ್ದ ತೋರುಬೆರಳು ಮಡಚಿತು.

ಮೊದಲು ನನ್ನ ಕಣ್ಣನ್ನೇ ನಂಬಲಿಲ್ಲ. ಇಷ್ಟು ದಿನ ಸುಳ್ಳು ಹೇಳಿ ಹೇಳಿ ಈಗ ನನಗೇ ಕಾಣತೊಡಗಿತೇ ಎಂದು ಹೆದರಿದೆ. ಮತ್ತೆ ಮಡಚಿತು. ಎಲೆಯ ಅಡಿಯ ಹುಳ ಹೊರಳುವಷ್ಟು ಸಣ್ಣಗೆ, ಆದರೆ ಮಡಚಿತು.

"ಅಲ್ಲಾಡಿತು" ಎಂದೆ.

ಅವರು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ಬೇಡ" ಎಂದರು.

"ದೇವರಾಣೆ ಅಲ್ಲಾಡಿತು!"

"ಬೇಡ ಹೇಳಿದೆ."

ನಾನು ಕನ್ನಡಿಯನ್ನು ಹಿಡಿದು ಬದಿಗೆಳೆದೆ. "ನೀವೇ ನೋಡಿ!" ಅವರು ನೋಡಿದರು. ಬಲಗೈ ಮೇಜಿನ ಮೇಲೆ ಅಲ್ಲಾಡದೆ ಬಿದ್ದಿತ್ತು. ಅವರು ಹಲ್ಲು ಕಚ್ಚಿ ಪ್ರಯತ್ನಿಸಿದರು, ಕತ್ತಿನ ನರ ಉಬ್ಬಿತು. ಏನೂ ಇಲ್ಲ. ಕನ್ನಡಿ ಇದ್ದಾಗ ಬಂದದ್ದು ಕನ್ನಡಿ ತೆಗೆದಾಗ ಹೋಗಿತ್ತು. ಅವರು ನನ್ನ ಮುಖ ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

ಕನ್ನಡಿಯನ್ನು ಮತ್ತೆ ನಿಲ್ಲಿಸಿದೆ. ಅಡುಗೆಮನೆಗೆ ಓಡಿಹೋಗಿ ಒಂದು ಸ್ಟೀಲ್ ಲೋಟ, ಒಂದು ಚಮಚ ತಂದೆ. ಲೋಟವನ್ನು ಅಡ್ಡ ಮಲಗಿಸಿ, ಒಳಗೆ ಚಮಚ ತೂರಿಸಿ, ಅದರ ಹಿಡಿ ಅವರ ಬಲಗೈಯ ತೋರುಬೆರಳಿಗೆ ತಾಗುವಂತೆ ಇಟ್ಟೆ. ಬೆರಳು ಮಡಚಿದರೆ ಚಮಚ ಸರಿಯಬೇಕು, ಲೋಟಕ್ಕೆ ಬಡಿಯಬೇಕು. "ಮಾಡಿ. ನೋಡುದು ಬೇಡ, ನನ್ನ ಮಾತು ನಂಬುದೂ ಬೇಡ. ಕೇಳಿ" ಎಂದೆ.

ಅವರು ನಿಟ್ಟುಸಿರು ಬಿಟ್ಟು ಕನ್ನಡಿಯ ಕಡೆ ಬಾಗಿದರು. ಎಡಗೈಯ ಬೆರಳು ಮಡಚಿತು, ಬಿಡಿಸಿತು. ಮಡಚಿತು, ಬಿಡಿಸಿತು. ಎಷ್ಟನೆಯ ಸಲವೋ, ಟಿಣ್ ಎಂದಿತು.

ಅವರು ತಲೆಯೆತ್ತಿದರು. ಬಾಯಿ ಸ್ವಲ್ಪ ತೆರೆದಿತ್ತು. ಆಮೇಲೆ ಕಣ್ಣು ಸಣ್ಣದಾಯಿತು. "ನೀನು ಬಾರಿಸಿದ್ದಾ?" ಎಂದು ಕೇಳಿದರು.

ಅದು ನನಗೆ ಸಲ್ಲಬೇಕಾದ ಮಾತೇ, ನಾನು ಗಳಿಸಿದ್ದೇ ಅಷ್ಟು. ನನ್ನ ಎರಡೂ ಕೈಗಳನ್ನು ಎತ್ತಿ ಕನ್ನಡಿಯ ಮೇಲಂಚಿನ ಮೇಲೆ, ಅವರಿಗೆ ಹತ್ತೂ ಬೆರಳು ಕಾಣುವಂತೆ ಇಟ್ಟೆ. ಅವರು ನನ್ನ ಕೈಗಳನ್ನೇ ನೋಡುತ್ತ ಕೂತರು. ನನ್ನ ಬಲಗೈ ನೋಡಿದರು, ನನ್ನ ಎಡಗೈ ನೋಡಿದರು, ಒಂದು ಬೆರಳೂ ತಪ್ಪಿಹೋಗಬಾರದು ಎಂಬಂತೆ ನೋಡಿದರು. ಲೋಟ ಟಿಣ್ ಎಂದಿತು. ಅವರು ಕಣ್ಣು ಕದಲಿಸಲಿಲ್ಲ. ಮತ್ತೆ ಟಿಣ್ ಎಂದಿತು. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಆಗಲೇ ನನಗೆ ಹೊಳೆದದ್ದು, ಅವರ ಎಡಗೈ ಮೇಜಿನ ಮೇಲೆ ಸುಮ್ಮನೆ ಇತ್ತು, ಮತ್ತು ಅವರು ಕನ್ನಡಿಯನ್ನು ನೋಡುತ್ತಿರಲಿಲ್ಲ.